ಕಾಲೇಜು ಓಟಗಾರ್ತಿಯರ ದಾಖಲೆಗಳೆಲ್ಲ ಉರುಳುತ್ತಿವೆ, 3:59.90 ಮಾತ್ರ ಏಕೆ ಅಲುಗುತ್ತಿಲ್ಲ?

2009ರ ಜೂನ್ 7, ಭಾನುವಾರ. ಅಮೆರಿಕದ ಆರೆಗಾನ್ ರಾಜ್ಯದ ಯೂಜೀನ್ ಊರಿನಲ್ಲಿ ಪ್ರಿಫಾಂಟೇನ್ ಕ್ಲಾಸಿಕ್ ಕೂಟ ನಡೆದಿತ್ತು. ಹೊಟ್ಟೆಪಾಡಿಗಾಗಿಯೇ ಓಡುವ ವೃತ್ತಿಪರರ ಕೂಟ ಅದು. 1500 ಮೀಟರ್ ಓಟದ ಸಾಲಿನಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ಜೆನ್ನಿ ಬ್ಯಾರಿಂಜರ್ ಕೂಡ ನಿಂತಿದ್ದರು. ಇಥಿಯೋಪಿಯಾದ ಗೆಲೆಟೆ ಬುರ್ಕಾ ಹಿಂದೆಯೇ ಓಡಿ ಎರಡನೆಯವರಾಗಿ ಮುಗಿಸಿದಾಗ ಗಡಿಯಾರ ತೋರಿಸಿದ್ದು 3 ನಿಮಿಷ 59.90 ಸೆಕೆಂಡು, ಅಮೆರಿಕದ ಕಾಲೇಜು ಓಟಗಾರ್ತಿಯರಲ್ಲಿ ಹೊಸ ದಾಖಲೆ. 400 ಮೀಟರಿನ ಒಂದೊಂದು ಸುತ್ತಿಗೂ 64 ಸೆಕೆಂಡಿನ ಲೆಕ್ಕ. ಅದೇ ವಾರ ಅರ್ಕಾನ್ಸಾಸ್‌ನ ಫಯೆಟ್‌ವಿಲ್‌ನಲ್ಲಿ ನಡೆದ ಕಾಲೇಜು ಚಾಂಪಿಯನ್‌ಷಿಪ್‌ಗೆ ಹೋಗಿ, ಅಡೆತಡೆ, ನೀರಿನ ಹೊಂಡ ಹಾರುತ್ತಾ ಓಡುವ 3000 ಮೀಟರ್ ಸ್ಟೀಪಲ್‌ಚೇಸ್ ಅನ್ನು 9:25.54ರಲ್ಲಿ ಓಡಿ ಅಲ್ಲೂ ದಾಖಲೆ ಬರೆದರು. ಒಂದೇ ವಾರ, ಎರಡು ಊರು, ಎರಡು ದಾಖಲೆ.

ಆ ಸ್ಟೀಪಲ್‌ಚೇಸ್ ದಾಖಲೆ ಈಗ ಹಳೆಯ ಕಡತ. ಅದೇ ವರ್ಷ ಒಳಾಂಗಣದಲ್ಲಿ ಅವರು ಬರೆದಿದ್ದ ಮೈಲಿ, 3000 ಮತ್ತು 5000 ಮೀಟರ್ ದಾಖಲೆಗಳೂ ಹೋದವು. 1500 ಮೀಟರಿನದು ಮಾತ್ರ 2025ರ ಹೊರಾಂಗಣ ಋತು ಮುಗಿದ ಮೇಲೂ ಹಾಗೆಯೇ ನಿಂತಿತ್ತು. ಅಮೆರಿಕದ ಕಾಲೇಜು ಮಹಿಳೆಯರ ದೂರದ ಓಟದ ದಾಖಲೆಗಳು ಬೇಗ ಮುರಿಯುತ್ತವೆಯೇ ಎಂಬುದು ಹಳೆಯ ಪ್ರಶ್ನೆ. ಈಗ ಅದನ್ನು ಒಂದೊಂದು ದೂರಕ್ಕೂ ಬೇರೆ ಬೇರೆಯಾಗಿ ಕೇಳಬೇಕಾಗಿದೆ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ‘ಕಾಲೇಜು ದಾಖಲೆ’ ಎಂದರೆ ಕಾಲೇಜು ಚಾಂಪಿಯನ್‌ಷಿಪ್‌ನಲ್ಲಿ ಬಂದ ದಾಖಲೆ ಎಂದಲ್ಲ. ಕಾಲೇಜು ಋತು ನಡೆಯುತ್ತಿರುವಾಗ, ಎನ್‌ಸಿಎಎ ನಿಯಮದಂತೆ ಆಡುವ ಅರ್ಹತೆ ಇರುವ ವಿದ್ಯಾರ್ಥಿನಿ ಯಾವ ಕೂಟದಲ್ಲಿ ಓಡಿದರೂ ಲೆಕ್ಕಕ್ಕೆ ಬರುತ್ತದೆ. ಎನ್‌ಸಿಎಎ ಎಂದರೆ ಅಲ್ಲಿನ ಅಂತರಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ. ಋತು ಮುಗಿಯಿತೋ, ಲೆಕ್ಕವೂ ಮುಗಿಯಿತು. 2009ರ ಆಗಸ್ಟ್‌ನಲ್ಲಿ ಬರ್ಲಿನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬ್ಯಾರಿಂಜರ್ ಸ್ಟೀಪಲ್‌ಚೇಸ್ ಅನ್ನು 9:12.50ಕ್ಕೆ ಓಡಿದ್ದು ಅಮೆರಿಕದ ರಾಷ್ಟ್ರೀಯ ದಾಖಲೆಯಾಯಿತು. ಕಾಲೇಜು ಪಟ್ಟಿಯಲ್ಲಿ ಮಾತ್ರ ಜೂನ್‌ನ 9:25.54 ಉಳಿಯಿತು. ತಮಾಷೆಯೆಂದರೆ ಆ ಶರತ್ಕಾಲದಲ್ಲಿ ಅವರು ಮತ್ತೆ ಕಾಲೇಜಿಗೇ ಬಂದು ಕ್ರಾಸ್ ಕಂಟ್ರಿ ಓಡಿದರು. ಇಂಡಿಯಾನಾದ ಟೆರೆ ಹೋಟ್‌ನಲ್ಲಿ ನಡೆದ ಫೈನಲ್‌ನಲ್ಲಿ ಗೆಲುವು ಅವರದೇ ಎಂದು ಎಲ್ಲರೂ ಅಂದುಕೊಂಡಿದ್ದರು. ಅರ್ಧ ದಾರಿಯಲ್ಲಿ ಕಾಲು ಸೋತು ಕುಸಿದರು, ಎದ್ದು ಓಡಿ 163ನೆಯವರಾಗಿ ಮುಗಿಸಿದರು. ಎರಡು ವರ್ಷದ ಬಳಿಕ ದಕ್ಷಿಣ ಕೊರಿಯಾದ ದೇಗುವಿನಲ್ಲಿ 1500 ಮೀಟರಿನ ವಿಶ್ವ ಚಾಂಪಿಯನ್ ಆದದ್ದೂ ಇದೇ ಜೆನ್ನಿ, ಮದುವೆಯ ನಂತರದ ಸಿಂಪ್ಸನ್ ಎಂಬ ಹೆಸರಿನಲ್ಲಿ.

ಇದಕ್ಕೂ ಹಿಂದಿನ ಕತೆಯನ್ನು ಬೇಗ ಹೇಳಿ ಮುಗಿಸಬಹುದು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರು 800 ಮೀಟರ್ ಓಡಿ ಬಸವಳಿದರು ಎಂದು ಪತ್ರಿಕೆಗಳು ಉಪ್ಪು ಖಾರ ಹಚ್ಚಿ ಬರೆದವು. ಆ ಓಟ 1960ರವರೆಗೆ ಒಲಿಂಪಿಕ್ಸ್‌ಗೆ ಮರಳಲಿಲ್ಲ. 1972ರಲ್ಲಿ ಅಮೆರಿಕ ಟೈಟಲ್ ನೈನ್ ಕಾನೂನು ತಂದಿತು. ಸರ್ಕಾರಿ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಹೆಣ್ಣು ಗಂಡು ಎಂದು ಭೇದ ಮಾಡುವಂತಿಲ್ಲ ಎಂದಾಯಿತು. ಎನ್‌ಸಿಎಎ ಮಹಿಳೆಯರಿಗೆ ಚಾಂಪಿಯನ್‌ಷಿಪ್ ಆರಂಭಿಸಿದ್ದು ಅದಾಗಿ ಸುಮಾರು ಹತ್ತು ವರ್ಷಕ್ಕೆ, 1981–82ರಲ್ಲಿ. ಒಲಿಂಪಿಕ್ಸ್‌ಗೆ ಮಹಿಳೆಯರ 10,000 ಮೀಟರ್ ಬಂದದ್ದು 1988ಕ್ಕೆ, 5000 ಮೀಟರ್ 1996ಕ್ಕೆ, ಸ್ಟೀಪಲ್‌ಚೇಸ್ 2008ಕ್ಕೆ. ಬ್ಯಾರಿಂಜರ್ ದಾಖಲೆ ಬರೆದಾಗ ಮಹಿಳೆಯರ ಸ್ಟೀಪಲ್‌ಚೇಸ್ ಒಲಿಂಪಿಕ್ಸ್ ಕಂಡು ಒಂದೇ ವರ್ಷವಾಗಿತ್ತು. ಇಷ್ಟು ಎಳೆಯ ಪಟ್ಟಿಯಲ್ಲಿ ದಾಖಲೆಗಳು ಬದಲಾಗುತ್ತಲೇ ಇರುವುದು ಸಹಜ. ಆದರೆ 2010ರಿಂದಾಚೆ ಹೆಚ್ಚು ಕಡಿಮೆ ಹತ್ತು ವರ್ಷ ಅವು ಅಷ್ಟಾಗಿ ಅಲುಗಲಿಲ್ಲ.

10,000 ಮೀಟರ್ ಅನ್ನೇ ನೋಡಿ. 2010ರಲ್ಲಿ ಅಯೋವಾ ಸ್ಟೇಟ್‌ನ ಲೀಸಾ ಕೋಲ್ 31:18.07 ಓಡಿದರು. ಅವರಿಗಿಂತ ಮೊದಲು ಆ ದೂರದಲ್ಲಿ ಹೆಸರಾಗಿದ್ದವರು ಟೆಕ್ಸಸ್ ಟೆಕ್‌ನಲ್ಲಿ ಓದುತ್ತಿದ್ದ ಕೀನ್ಯಾದ ಸ್ಯಾಲಿ ಕಿಪ್ಯೆಗೊ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರಿಗೆ ಬೆಳ್ಳಿ ಗೆದ್ದವರು. ಕೋಲ್ ಅವರ ಸಮಯವನ್ನು ಹದಿನಾಲ್ಕು ವರ್ಷ ಯಾರೂ ಮುಟ್ಟಲಿಲ್ಲ. ಸ್ಟೀಪಲ್‌ಚೇಸ್‌ನಲ್ಲೂ ಅಷ್ಟೆ. ಏಳು ವರ್ಷ ಕಾದ ಮೇಲೆ, 2016ರಲ್ಲಿ ನ್ಯೂ ಮೆಕ್ಸಿಕೊದ ಕೋರ್ಟ್ನಿ ಫ್ರೆರಿಕ್ಸ್ 9:24.41 ಓಡಿ ದಾಖಲೆಯನ್ನು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಇಳಿಸಿದರು. ಆಗ ಅದನ್ನೇ ದೊಡ್ಡ ಸುದ್ದಿ ಮಾಡಿದರು. ದೊಡ್ಡದೇ ಆಗಿತ್ತು.

ಆಮೇಲೆ ಕಟ್ಟೆ ಒಡೆಯಿತು. 2022ರಲ್ಲಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಕೋರ್ಟ್ನಿ ವೇಮೆಂಟ್ ಸ್ಟೀಪಲ್‌ಚೇಸ್ ಅನ್ನು 9:16.00ಕ್ಕೆ ತಂದರು. 2023ರ ಚಳಿಗಾಲದಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್‌ನ ಕೇಟ್ಲಿನ್ ಟುಹಿ ಒಳಾಂಗಣದಲ್ಲಿ ಮೈಲಿಯನ್ನು 4:24.26ಕ್ಕೆ ಓಡಿ ಬ್ಯಾರಿಂಜರ್‌ರ ದಾಖಲೆಯನ್ನೂ, 3000 ಮೀಟರ್ ಅನ್ನು 8:35.20ಕ್ಕೆ ಓಡಿ 2018ರಲ್ಲಿ ಬ್ಯಾರಿಂಜರ್‌ರಿಂದ ಮಿಸೌರಿಯ ಕರಿಸ್ಸಾ ಶ್ವೈಟ್ಜರ್ ಕೈಗೆ ಹೋಗಿದ್ದ ದಾಖಲೆಯನ್ನೂ ಕೆಲವೇ ವಾರಗಳ ಅಂತರದಲ್ಲಿ ಕಿತ್ತುಕೊಂಡರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಫ್ಲೋರಿಡಾದ ಪಾರ್ಕರ್ ವಾಲ್ಬಿ 5000 ಮೀಟರ್ ಅನ್ನು 14:56.11ರಲ್ಲಿ ಓಡಿದರು. ಕಾಲೇಜು ಓಟಗಾರ್ತಿಯೊಬ್ಬಳು 15 ನಿಮಿಷದೊಳಗೆ ಬಂದದ್ದು ಅದೇ ಮೊದಲು. 2024ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಾಲ್ಬಿ ತಮ್ಮ ಬದುಕಿನ ಮೊಟ್ಟಮೊದಲ 10,000 ಮೀಟರ್ ಓಟಕ್ಕೆ ಇಳಿದು 30:50.43ಕ್ಕೆ ಮುಗಿಸಿದರು. ಹದಿನಾಲ್ಕು ವರ್ಷ ಯಾರಿಗೂ ಒಂದು ಸೆಕೆಂಡು ಬಿಟ್ಟುಕೊಡದ ದಾಖಲೆಯಿಂದ ಒಂದೇ ಏಟಿಗೆ 27 ಸೆಕೆಂಡಿಗೂ ಹೆಚ್ಚು ಹೋಯಿತು.

ವಾಲ್ಬಿಯ ಬಗ್ಗೆ ಇನ್ನೊಂದು ಮಾತು. 2023–24ರ ಒಂದೇ ಶೈಕ್ಷಣಿಕ ವರ್ಷದಲ್ಲಿ ಕ್ರಾಸ್ ಕಂಟ್ರಿ, ಒಳಾಂಗಣದ 3000 ಮತ್ತು 5000, ಹೊರಾಂಗಣದ 5000 ಮತ್ತು 10,000 ಹೀಗೆ ಐದು ಚಾಂಪಿಯನ್‌ಷಿಪ್ ಗೆದ್ದ ಈಕೆ ವಾರಕ್ಕೆ ರಸ್ತೆಯಲ್ಲೋ ಟ್ರ್ಯಾಕಿನಲ್ಲೋ ಓಡುತ್ತಿದ್ದದ್ದು ಎರಡು ಮೂರು ದಿನ ಮಾತ್ರ. ಹಿಂದೆ ಮತ್ತೆ ಮತ್ತೆ ಮೂಳೆಗೆ ಪೆಟ್ಟಾಗಿತ್ತು. ಅದಕ್ಕಾಗಿ ಉಳಿದ ದಿನ ಪಾದ ನೆಲಕ್ಕೆ ಅಪ್ಪಳಿಸದ ಆರ್ಕ್ ಟ್ರೇನರ್ ಎಂಬ ಜಿಮ್ ಯಂತ್ರದ ಮೇಲೆ ಬೆವರು ಹರಿಸುತ್ತಿದ್ದರು. ವಾರಕ್ಕೆ ಎಷ್ಟು ಮೈಲಿ ಓಡಿದೆ ಎಂಬುದರ ಮೇಲೆಯೇ ಓಟಗಾರರನ್ನು ಅಳೆಯುತ್ತಿದ್ದ ಜಗತ್ತಿಗೆ ಇದು ತುಸು ಇರುಸುಮುರುಸಿನ ಸಂಗತಿ. ಆಕೆ ಪ್ಯಾರಿಸ್ ಒಲಿಂಪಿಕ್ಸ್‌ನ 10,000 ಮೀಟರ್ ಫೈನಲ್‌ನಲ್ಲಿ ಹನ್ನೊಂದನೆಯವರಾದರು.

ವಾಲ್ಬಿ ಬಿಟ್ಟ ಜಾಗವನ್ನು ತುಂಬಲು ಹೆಚ್ಚು ದಿನ ಬೇಕಾಗಲಿಲ್ಲ. ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕೀನ್ಯಾದ ಡೋರಿಸ್ ಲೆಮ್ನ್ಗೊಲೆ 2024ರಲ್ಲಿ ಸ್ಟೀಪಲ್‌ಚೇಸ್ ಅನ್ನು 9:15.24ಕ್ಕೆ ಓಡಿ ದಾಖಲೆ ಬರೆದರು. ನಮ್ಮ ಪಾರುಲ್ ಚೌಧರಿ 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ದಾಖಲೆ ಬರೆದು ಒಲಿಂಪಿಕ್ಸ್ ಟಿಕೆಟ್ ಪಡೆದದ್ದು 9:15.31ರಲ್ಲಿ. ಅಲ್ಲಿಯವರೆಗೆ ಎರಡೂ ಒಂದೇ ಮಟ್ಟ ಎನ್ನಬಹುದಿತ್ತು. 2025ರ ಜೂನ್‌ನಲ್ಲಿ ಯೂಜೀನ್‌ನಲ್ಲಿ ಲೆಮ್ನ್ಗೊಲೆ ಓಡಿದ್ದು 8:58.15. ಒಂಬತ್ತು ನಿಮಿಷದೊಳಗೆ ಸ್ಟೀಪಲ್‌ಚೇಸ್ ಮುಗಿಸಿದವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಆ ಸಾಲಿಗೆ ಒಬ್ಬ ವಿದ್ಯಾರ್ಥಿನಿ ಸೇರಿದರು. ಎರಡನೆಯವರಾದ ಬ್ರಿಗಮ್ ಯಂಗ್‌ನ ಲೆಕ್ಸಿ ಹ್ಯಾಲಡೇ-ಲೌರಿ 9:08.68 ಓಡಿದರು. ಒಂದು ವರ್ಷ ಮೊದಲಾಗಿದ್ದರೆ ಅದೇ ಹೊಸ ದಾಖಲೆಯಾಗುತ್ತಿತ್ತು.

2025ರ ಡಿಸೆಂಬರ್‌ನಲ್ಲಿ ಬಾಸ್ಟನ್‌ನ ಒಳಾಂಗಣದಲ್ಲಿ, ಅದೇ ಬ್ರಿಗಮ್ ಯಂಗ್‌ಗೆ ಆಗಷ್ಟೇ ಸೇರಿದ್ದ ಜೇನ್ ಹೆಡೆನ್‌ಗ್ರೆನ್ 5000 ಮೀಟರ್ ಅನ್ನು 14:44.79ಕ್ಕೆ ಮುಗಿಸಿದರು. 400 ಮೀಟರಿಗೆ 71 ಸೆಕೆಂಡೂ ಇಲ್ಲ. ಹೈಸ್ಕೂಲಿನಲ್ಲಿದ್ದಾಗಲೇ ಆಕೆ 15 ನಿಮಿಷದೊಳಗೆ ಓಡಿದ್ದರು. ಅಂದರೆ 2009ರಿಂದ ಹದಿನಾಲ್ಕು ವರ್ಷ ಕಾಲೇಜಿನ ಅತಿ ವೇಗದ ಸಮಯವಾಗಿದ್ದ 15:01.70ನ್ನು ಈಗ ಒಬ್ಬ ಶಾಲಾ ಹುಡುಗಿ ಮೀರಿಸಿದ್ದಳು.

ಏನಾಯಿತು ಹೀಗೆ? ಎಲ್ಲರ ಬಾಯಲ್ಲೂ ಮೊದಲು ಬರುವುದು ಬೂಟು. 2020ರ ಸುಮಾರಿಗೆ ಬಂದ ಹೊಸ ಸ್ಪೈಕ್ಸ್‌ನ ಅಟ್ಟೆಯಲ್ಲಿ ಹಗುರ ಪುಟಿಯುವ ಫೋಮ್ ಇದೆ, ಗಟ್ಟಿ ತಟ್ಟೆ ಇದೆ. ಹಳೆಯ ಸ್ಪೈಕ್ಸ್ ಎಂದರೆ ಪಾದಕ್ಕೆ ಮೊಳೆ ಕಟ್ಟಿಕೊಂಡಂತೆ. ಹೊಸದು ಹತ್ತು ಸಾವಿರ ಮೀಟರಿನ ಕೊನೆಯ ಸುತ್ತಿನಲ್ಲೂ ಮೀನಖಂಡವನ್ನು ಉಳಿಸುತ್ತದೆ. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 800 ಮೀಟರ್ ಮತ್ತು ಅದಕ್ಕಿಂತ ಉದ್ದದ ಟ್ರ್ಯಾಕ್ ಓಟಗಳಿಗೆ ಅಟ್ಟೆಯ ದಪ್ಪ 25 ಮಿಲಿಮೀಟರ್ ಮೀರಬಾರದು ಎಂದಿತ್ತು. 2024ರ ನವೆಂಬರ್‌ನಿಂದ ಅದನ್ನು 20ಕ್ಕೆ ಇಳಿಸಿತು. ಇಳಿಸಿದ ಮೇಲೂ ದಾಖಲೆಗಳು ನಿಂತಿಲ್ಲ ಎಂಬುದನ್ನು ಬೂಟಿನ ಮೇಲೆಯೇ ಎಲ್ಲ ಹೊರಿಸುವವರು ಗಮನಿಸಬೇಕು.

ಎರಡನೆಯದು ಜಾಗ. ಬಾಸ್ಟನ್ ವಿಶ್ವವಿದ್ಯಾಲಯದ 200 ಮೀಟರ್ ಒಳಾಂಗಣ ಟ್ರ್ಯಾಕಿನ ತಿರುವುಗಳು ಒಳಗೆ ವಾಲಿಕೊಂಡಿವೆ. ಗಾಳಿಯ ಕಾಟವಿಲ್ಲ, ವೇಗ ಕಟ್ಟಿಕೊಡಲು ಪೇಸರ್‌ಗಳಿರುತ್ತಾರೆ. ಸಮಯ ಬೇಕಾದವರು ಚಳಿಗಾಲದಲ್ಲಿ ಅಲ್ಲಿಗೇ ಹೋಗುತ್ತಾರೆ. 2025ರ ಫೆಬ್ರವರಿಯಲ್ಲಿ ನಮ್ಮ ಗುಲ್ವೀರ್ ಸಿಂಗ್ 5000 ಮೀಟರಿನಲ್ಲಿ 12:59.77 ಓಡಿ, 13 ನಿಮಿಷದೊಳಗೆ ಬಂದ ಮೊದಲ ಭಾರತೀಯನಾದದ್ದೂ ಅದೇ ಟ್ರ್ಯಾಕಿನಲ್ಲಿ.

ಮೂರನೆಯದು ಹಣ ಮತ್ತು ಕಾಲ. ಕೋವಿಡ್‌ನಿಂದ ಋತು ಕಳೆದುಕೊಂಡವರಿಗೆ ಎನ್‌ಸಿಎಎ ಒಂದು ವರ್ಷ ಹೆಚ್ಚಿಗೆ ಕೊಟ್ಟಿತು. ಕಾಲೇಜಿನಲ್ಲಿ 23–24 ವರ್ಷದ ಮಾಗಿದ ಓಟಗಾರ್ತಿಯರು ಉಳಿದರು. 2021ರ ಜುಲೈನಿಂದ ವಿದ್ಯಾರ್ಥಿಗಳು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಸಂಪಾದಿಸಬಹುದು ಎಂದಾಯಿತು. ಮೊದಲಾದರೆ ಪ್ರತಿಭೆಯಿದ್ದವರು ಓದು ಬಿಟ್ಟು ಬೂಟು ಕಂಪನಿಯ ಗುತ್ತಿಗೆಗೆ ಸಹಿ ಹಾಕುತ್ತಿದ್ದರು. ಈಗ ಹಾಗೆ ಓಡಿಹೋಗುವ ಅವಸರವಿಲ್ಲ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ಒಂದು ವಿಶ್ವವಿದ್ಯಾಲಯ ತನ್ನ ಕ್ರೀಡಾಪಟುಗಳಿಗೆ ಮೊದಲ ವರ್ಷ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೂ ನೇರವಾಗಿ ಹಂಚಬಹುದಿತ್ತು. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ತಮ್ಮ ಪಾಲು ತೆಗೆದುಕೊಂಡ ಮೇಲೆ ಓಟಗಾರ್ತಿಯರಿಗೆ ಏನು ಮಿಗುತ್ತದೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕಿಲ್ಲ.

ಇನ್ನೊಂದು ಮಾತು ಪಿಸುದನಿಯಲ್ಲಿ ಕೇಳುತ್ತದೆ: ‘ಇವೆಲ್ಲ ಹೊರದೇಶದಿಂದ ಕರೆತಂದವರ ದಾಖಲೆ’. ಹೊಸದೇನಲ್ಲ. 1978ರಲ್ಲಿ ವಾಷಿಂಗ್ಟನ್ ಸ್ಟೇಟ್‌ನ ವಿದ್ಯಾರ್ಥಿಯಾಗಿದ್ದ ಕೀನ್ಯಾದ ಹೆನ್ರಿ ರೋನೊ ಮೂರು ತಿಂಗಳಿಗೂ ಕಡಿಮೆ ಅವಧಿಯಲ್ಲಿ ನಾಲ್ಕು ವಿಶ್ವದಾಖಲೆ ಬರೆದ ಕಾಲದಲ್ಲೂ ಇದೇ ಗೊಣಗಾಟವಿತ್ತು. ಆದರೆ ಮೇಲಿನ ಹೆಸರುಗಳನ್ನು ಇನ್ನೊಮ್ಮೆ ಓದಿ: ವೇಮೆಂಟ್, ಟುಹಿ, ವಾಲ್ಬಿ, ಹೆಡೆನ್‌ಗ್ರೆನ್ ಎಲ್ಲರೂ ಅಮೆರಿಕದವರೇ. ಎದುರಿಗೆ ಒಬ್ಬ ಲೆಮ್ನ್ಗೊಲೆ ಇದ್ದರೆ ಪಕ್ಕದವಳೂ 9:08 ಓಡುತ್ತಾಳೆ.

ದಾಖಲೆ ಪಟ್ಟಿಯಲ್ಲಿ ಕಾಣದ ಒಂದು ಲೆಕ್ಕವೂ ಇದೆ. ಹಗುರವಾದಷ್ಟೂ ವೇಗ ಎಂಬ ನಂಬಿಕೆ ಈ ಓಟದಲ್ಲಿ ಬಹಳ ಹಳೆಯದು. ಬೇಕಾದಷ್ಟು ತಿನ್ನದೆ ಓಡಿದರೆ ಮೊದಲ ವರ್ಷ ಸಮಯ ಇಳಿಯುತ್ತದೆ, ಆಮೇಲೆ ಮುಟ್ಟು ನಿಲ್ಲುತ್ತದೆ, ಮೂಳೆಯಲ್ಲಿ ಬಿರುಕು ಬೀಳುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಇದಕ್ಕೆ 2014ರಲ್ಲಿ ರೆಡ್-ಎಸ್ ಎಂಬ ಹೆಸರು ಕೊಟ್ಟರು. 2021ರಲ್ಲಿ ಒಂದು ದೊಡ್ಡ ತಂಡದ ಮಾಜಿ ಓಟಗಾರ್ತಿಯರು ತಮ್ಮ ಮೈಕೊಬ್ಬನ್ನು ಯಂತ್ರದಲ್ಲಿ ಅಳೆದು ಅಂಕಿಯ ಹಿಂದೆ ಓಡಿಸಿದ ಬಗೆಯನ್ನು ಪತ್ರಿಕೆಗೆ ಹೇಳಿಕೊಂಡರು. ಅಂಥ ತಂಡ ಅದೊಂದೇ ಆಗಿರಲಿಲ್ಲ. ಆಮೇಲೆ ಹಲವು ಕಡೆ ಆಹಾರತಜ್ಞರು ಬಂದರು, ತೂಕದ ಮಾತು ಕಡಿಮೆಯಾಯಿತು. ದಾಖಲೆಗಳು ಉರುಳತೊಡಗಿದ್ದೂ ಹೆಚ್ಚು ಕಡಿಮೆ ಅದೇ ವರ್ಷಗಳಲ್ಲಿ. ಇದಕ್ಕೂ ಅದಕ್ಕೂ ನೇರ ಗಂಟು ಹಾಕಲು ನನ್ನ ಬಳಿ ಪುರಾವೆ ಇಲ್ಲ. ಆದರೆ ವಾರಕ್ಕೆ ಮೂರೇ ದಿನ ಓಡಿದವಳು 27 ಸೆಕೆಂಡು ಕಿತ್ತದ್ದು ಬರೀ ಫೋಮಿನಿಂದ ಎಂದು ಒಪ್ಪುವುದು ನನಗೆ ಕಷ್ಟ.

ಇಷ್ಟೆಲ್ಲ ಇದ್ದೂ 3:59.90 ಏಕೆ ಉಳಿಯಿತು? ಕಾಲೇಜು ಚಾಂಪಿಯನ್‌ಷಿಪ್‌ನಲ್ಲಿ 1500 ಮೀಟರ್ ಎಂದರೆ ಚದುರಂಗ. ಮೊದಲ ಎರಡು ಸುತ್ತು ಒಬ್ಬರ ಬೆನ್ನಿಗೆ ಒಬ್ಬರು ಅಡಗಿ ಕುಂಟುತ್ತಾರೆ, ಕೊನೆಯ ಸುತ್ತಿನಲ್ಲಿ ಜಿಗಿಯುತ್ತಾರೆ. ಅಲ್ಲಿ ಗೆದ್ದರೆ ತಂಡಕ್ಕೆ ಹತ್ತು ಅಂಕ, ಸಮಯಕ್ಕೆ ಅಂಕವಿಲ್ಲ. ಚಳಿಗಾಲದ ಬಾಸ್ಟನ್‌ನಲ್ಲಿ ಓಡುವುದು 1500 ಅಲ್ಲ, ಮೈಲಿ. ನಾಲ್ಕು ನಿಮಿಷದೊಳಗೆ ಬರಲು 64 ಸೆಕೆಂಡಿನ ಸುತ್ತನ್ನು ಕೊನೆಯವರೆಗೂ ಎಳೆಯುವ, ತನಗಿಂತ ಬಲವಾದ ಜೊತೆಗಾತಿಯರು ಬೇಕು. ಬ್ಯಾರಿಂಜರ್‌ಗೆ ಬುರ್ಕಾ ಇದ್ದರು.

ಆ ಭಾನುವಾರ ಅವರಿಗೆ ಸಿಕ್ಕದ್ದು ಕ್ಯಾಲೆಂಡರಿನ ಕೃಪೆಯಿಂದ. ವೃತ್ತಿಪರರ ಕೂಟ ಕಾಲೇಜು ಚಾಂಪಿಯನ್‌ಷಿಪ್ ಶುರುವಾಗುವ ಮೂರೇ ದಿನ ಮೊದಲು ಬಿದ್ದಿತ್ತು, ಋತು ಇನ್ನೂ ತೆರೆದಿತ್ತು. ಈಗ ಪ್ರಿಫಾಂಟೇನ್ ಕ್ಲಾಸಿಕ್‌ನ ದಿನಾಂಕಗಳನ್ನು ನೋಡಿ. 2022ರಲ್ಲೂ 2024ರಲ್ಲೂ ಅದು ಮೇ ಕೊನೆಯಲ್ಲಿ, ಕಾಲೇಜು ಚಾಂಪಿಯನ್‌ಷಿಪ್‌ನ ಮೊದಲ ಹಂತ ನಡೆಯುವ ದಿನಗಳಲ್ಲೇ ಬಂತು. ಕೋಚ್ ಯಾರನ್ನೂ ಬಿಡುವುದಿಲ್ಲ. 2023ರಲ್ಲಿ ಸೆಪ್ಟೆಂಬರ್, 2025ರಲ್ಲಿ ಜುಲೈ 5. ಅಷ್ಟರಲ್ಲಿ ಕಾಲೇಜು ಋತು ಮುಗಿದಿರುತ್ತದೆ, ಓಡಿದರೂ ಪಟ್ಟಿಗೆ ಸೇರುವುದಿಲ್ಲ. ಅದೇ 2025ರ ಜುಲೈ 5ರಂದು ಅದೇ ಟ್ರ್ಯಾಕಿನಲ್ಲಿ ಫೇತ್ ಕಿಪ್ಯೆಗೊನ್ 1500 ಮೀಟರ್ ಅನ್ನು 3:48.68ಕ್ಕೆ ಓಡಿ ವಿಶ್ವದಾಖಲೆ ಬರೆದರು. ಆಕೆಯ ಬೆನ್ನಟ್ಟಿ ನಾಲ್ಕು ನಿಮಿಷದೊಳಗೆ ಬರಬಲ್ಲ ವಿದ್ಯಾರ್ಥಿನಿ ಆ ಸಾಲಿನಲ್ಲಿ ನಿಂತಿದ್ದರೂ ಬ್ಯಾರಿಂಜರ್‌ರ ದಾಖಲೆಗೆ ಏನೂ ಆಗುತ್ತಿರಲಿಲ್ಲ.