ಯಂತ್ರ ಒಪ್ಪದ ಫೋಟೊ

ನಮ್ಮ ಸಕ್ಕರೆ ಕಾಯಿಲೆ ಶಿಬಿರಗಳ ತಿಂಗಳ ವರದಿ ಬಂದಾಗ ನಾನು ಮೊದಲು ನೋಡುವುದು ಕೊನೆಯ ಸಾಲನ್ನು: ‘ಗ್ರೇಡ್ ಆಗದ ಚಿತ್ರಗಳು’. ಕಣ್ಣಿನ ಹಿಂಭಾಗದ ಫೋಟೊ ತೆಗೆದು ಎಐಗೆ ಕೊಟ್ಟರೆ, ಸಕ್ಕರೆಯಿಂದ ರೆಟಿನಾಗೆ ಪೆಟ್ಟಾಗಿದೆಯೇ ಎಂದು ಅದು ಹೇಳುತ್ತದೆ. ಫೋಟೊ ಮಸುಕಾಗಿದ್ದರೆ ಬೇಡವೆಂದು ತಳ್ಳಿಹಾಕುತ್ತದೆ. ಆಡಳಿತ ಸಭೆಯಲ್ಲಿ ಈ ಸಾಲನ್ನು ನಷ್ಟದ ಲೆಕ್ಕಕ್ಕೆ ಬರೆಯುವುದೇ ರೂಢಿ. ಮೊದಲ ವರ್ಷ ನಾನೂ ಹಾಗೇ ಬರೆದೆ. ಅದು ತಪ್ಪಾಗಿತ್ತು.

ಈ ತಂತ್ರಜ್ಞಾನದ ಬಗ್ಗೆ ನನಗೆ ಗೌರವವಿದೆ. 2016ರಲ್ಲಿ ಗೂಗಲ್ ಸಂಶೋಧಕರು 1,28,175 ರೆಟಿನಾ ಚಿತ್ರಗಳಿಂದ ಇಂಥದೊಂದು ಅಲ್ಗಾರಿದಮ್‌ ಅನ್ನು ತರಬೇತುಗೊಳಿಸಿದ್ದನ್ನು ಪ್ರಕಟಿಸಿದರು. ಆ ಕೆಲಸಕ್ಕೆ ಚಿತ್ರಗಳನ್ನು ಒದಗಿಸಿದವರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯ, ಅರವಿಂದ ಕಣ್ಣಿನ ಆಸ್ಪತ್ರೆ, ಚೆನ್ನೈನ ಶಂಕರ ನೇತ್ರಾಲಯವೂ ಇದ್ದವು. ಫಲಿತಾಂಶ ನೇತ್ರತಜ್ಞರ ಮಟ್ಟದಲ್ಲೇ ಇತ್ತು.

ಆಮೇಲೆ ಅದು ಥಾಯ್ಲೆಂಡಿಗೆ ಹೋಯಿತು. 2018–19ರಲ್ಲಿ ಪಥುಮ್ ಥಾನಿ ಮತ್ತು ಚಿಯಾಂಗ್ ಮಾಯ್ ಪ್ರಾಂತ್ಯಗಳ 11 ಕ್ಲಿನಿಕ್‌ಗಳಲ್ಲಿ ನರ್ಸ್‌ಗಳ ಕೆಲಸವನ್ನು ಸಂಶೋಧಕರು ಹತ್ತಿರದಿಂದ ನೋಡಿದರು. ತಜ್ಞರು ಫೋಟೊ ನೋಡಿ ಹೇಳಲು 10 ವಾರದವರೆಗೂ ಹಿಡಿಯುತ್ತಿದ್ದ ಕಡೆ ಉತ್ತರ ನಿಮಿಷಗಳಲ್ಲಿ ಸಿಗಬೇಕಿತ್ತು. ಆದರೆ ಪಾಪೆ ಹಿಗ್ಗಿ ಫೋಟೊ ಸ್ಪಷ್ಟವಾಗಿ ಬರಲು ಬೇಕಾದ, ಕತ್ತಲು ಮಾಡಬಹುದಾದ ಪ್ರತ್ಯೇಕ ಕೋಣೆ ಇದ್ದದ್ದು ಎರಡೇ ಕ್ಲಿನಿಕ್‌ಗಳಲ್ಲಿ. ಇಂಟರ್‌ನೆಟ್ ನಿಧಾನವಾಗಿ, ಬೆಳಗಿನ ಜಾವದಿಂದ ಕಾದವರ ಸಾಲು ಮುಂದಕ್ಕೇ ಹೋಗುತ್ತಿರಲಿಲ್ಲ. ಮೊದಲ ಆರು ತಿಂಗಳ 1,838 ಚಿತ್ರಗಳಲ್ಲಿ ಶೇ 21ರಷ್ಟನ್ನು ಯಂತ್ರ ಒಪ್ಪಲಿಲ್ಲ. ಒಪ್ಪದಿದ್ದರೆ ರೋಗಿ ಬೇರೊಂದು ದಿನ ದೂರದ ತಜ್ಞರ ಬಳಿಗೆ ಹೋಗಬೇಕು. ಅಷ್ಟು ಅಲೆಸುವುದು ಬೇಡವೆಂದು ಕೆಲವು ನರ್ಸ್‌ಗಳು, ಅಧ್ಯಯನಕ್ಕೆ ಸೇರಬೇಡಿ ಎಂದೇ ರೋಗಿಗಳಿಗೆ ಹೇಳಿದರು. ಆ ನರ್ಸ್‌ಗಳ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮದೇ ಒಂದು ಶಿಬಿರದಲ್ಲಿ ನಾನು ಸಿಸ್ಟರ್ ಪಕ್ಕದಲ್ಲಿ ಕುಳಿತಿದ್ದೆ. ಎಪ್ಪತ್ತರ ಆಸುಪಾಸಿನ ಅಜ್ಜಿಯೊಬ್ಬರು ಕ್ಯಾಮೆರಾದ ಮುಂದೆ ಗಲ್ಲ ಊರಿ ಕುಳಿತರು. ಮೂರು ಸಲ ಫೋಟೊ ತೆಗೆದರೂ ಮಂಜು ಕವಿದ ಹಾಗೆ ಬಂತು, ಯಂತ್ರ ಬೇಡವೆಂದಿತು. ಸಿಸ್ಟರ್ ಟಾರ್ಚ್ ಹಿಡಿದು ನೋಡಿ, “ಅಜ್ಜಿ, ಪೊರೆ ಚೆನ್ನಾಗಿ ಬಲಿತಿದೆ. ಮನೆ ಕೆಲಸ ಹೆಂಗೆ ಮಾಡ್ತೀರಿ?” ಎಂದರು. “ಅಕ್ಕೀಲಿ ಕಲ್ಲು ಆರಿಸೋಕೂ ಆಗಲ್ಲ ಕಣವ್ವ, ಸೊಸೇನೇ ಆರಿಸ್ತಾಳೆ.”

ವರದಿಯಲ್ಲಿ ಈ ಅಜ್ಜಿ ಒಂದು ಕೆಟ್ಟ ಫೋಟೊ. ಅವತ್ತಿನ ಸಾಲಿನಲ್ಲಿ ಕಣ್ಣಿನ ಡಾಕ್ಟರು ಎಲ್ಲರಿಗಿಂತ ಮೊದಲು ಬೇಕಾಗಿದ್ದದ್ದು ಅವರಿಗೇ. ಪೊರೆಯ ಹಿಂದೆ ರೆಟಿನಾ ಹೇಗಿದೆಯೋ ಯಂತ್ರಕ್ಕೂ ಕಾಣದು, ನಮಗೂ ಕಾಣದು. ಅಂದಿನಿಂದ ಗ್ರೇಡ್ ಆಗದ ಪ್ರತಿ ಕಣ್ಣನ್ನೂ ಸಿಸ್ಟರ್ ಟಾರ್ಚ್ ಹಾಕಿ ನೋಡಿ, ಕಾರಣ ಬರೆಯುತ್ತಾರೆ: ಪೊರೆ, ಸಣ್ಣ ಪಾಪೆ, ಬೆಳಕು ಜಾಸ್ತಿ. ಪೊರೆ ಎಂದಿದ್ದರೆ ಆ ಹೆಸರು ಪಟ್ಟಿಯ ಮೇಲಕ್ಕೆ ಹೋಗುತ್ತದೆ.

ಇನ್ನೊಂದು ಅಂಕಿ ಕೇಳತೊಡಗಿದೆ: ದೊಡ್ಡಾಸ್ಪತ್ರೆಗೆ ಹೋಗಿ ಎಂದು ಚೀಟಿ ಬರೆದುಕೊಟ್ಟವರಲ್ಲಿ ಅಲ್ಲಿಗೆ ಮುಟ್ಟಿದವರು ಎಷ್ಟು? ಸಕ್ಕರೆಯಿಂದ ರೆಟಿನಾಗೆ ಆಗುವ ಪೆಟ್ಟು ಶುರುವಿನಲ್ಲಿ ನೋವು ಕೊಡುವುದಿಲ್ಲ, ದೃಷ್ಟಿಯನ್ನೂ ಕೆಡಿಸುವುದಿಲ್ಲ. ಚೆನ್ನಾಗೇ ಕಾಣುತ್ತಿರುವಾಗ ಕಂಪ್ಯೂಟರ್ ಹೇಳಿತೆಂದು ಒಂದು ದಿನದ ಕೂಲಿ ಬಿಟ್ಟು ಯಾರು ಹೋಗುತ್ತಾರೆ? ಅದನ್ನು ಕೂತು ವಿವರಿಸಲು ಒಬ್ಬ ಮನುಷ್ಯರೇ ಬೇಕು, ಆ ಹತ್ತು ನಿಮಿಷವನ್ನು ಡ್ಯೂಟಿಯಲ್ಲಿ ಎತ್ತಿಡುವುದು ನನ್ನಂಥವರ ಕೆಲಸ. ಸಾಫ್ಟ್‌ವೇರ್‌ಗೆ ದುಡ್ಡು ಮಂಜೂರಾಗುವಷ್ಟು ಸಲೀಸಾಗಿ ಈ ಸಮಯ ಮಂಜೂರಾಗುವುದಿಲ್ಲ. ನಾನು ಪ್ರತಿ ಸಲವೂ ಜಗಳವಾಡಿಯೇ ಪಡೆದಿದ್ದೇನೆ.

ಇಲ್ಲಿ ದತ್ತಾಂಶವೇ ನಮ್ಮ ಕೈಹಿಡಿಯಿತು. ಬಾರದವರ ಪಟ್ಟಿಯನ್ನು ಊರುವಾರು ವಿಂಗಡಿಸಿದರೆ, ದಿನಕ್ಕೆ ಒಂದೇ ಬಸ್ ಇರುವ ಊರುಗಳ ಹೆಸರೇ ಸಾಲಾಗಿ ಬಂದವು. ಅವರ ಅಪಾಯಿಂಟ್‌ಮೆಂಟನ್ನು ಆ ಬಸ್ಸಿನ ಹೊತ್ತಿಗೆ ಹೊಂದಿಸಿದೆವು.

ಈಗ ನಮ್ಮ ಫಾರಂನಲ್ಲಿ ಒಂದು ಪ್ರಶ್ನೆ ಅಚ್ಚಾಗಿದೆ, ಪಾಪೆ ಹಿಗ್ಗಿಸುವ ಹನಿ ಹಾಕುವ ಮುಂಚೆ ಸಿಸ್ಟರ್ ಕೇಳುವುದು: “ಜೊತೆಗೆ ಯಾರು ಬಂದಿದ್ದಾರೆ, ವಾಪಸ್ ಬಸ್ ಎಷ್ಟು ಗಂಟೆಗೆ?” ಹನಿ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಂಜು ಮಂಜು. ಬಸ್ಸಿನ ಬೋರ್ಡನ್ನು ಬೇರೆ ಯಾರಾದರೂ ಓದಿ ಹೇಳಬೇಕಾಗುತ್ತದೆ.