ಗೆಳೆತನಕ್ಕೂ ಅಡ್ಡ ಬಂದ ಕಾನೂನುಗಳು

1964ರ ಜೂನ್. ಬಿಳಿಯರ ಸರ್ಕಾರವನ್ನು ಉರುಳಿಸಲು ಸಂಚು ಮಾಡಿದರು ಎಂದು ಹೂಡಿದ್ದ ದಕ್ಷಿಣ ಆಫ್ರಿಕಾದ ರಿವೋನಿಯಾ ಮೊಕದ್ದಮೆಯಲ್ಲಿ ನೆಲ್ಸನ್ ಮಂಡೇಲಾ ಸೇರಿ ಎಂಟು ಜನರಿಗೆ ಜೀವಾವಧಿ ಶಿಕ್ಷೆ ಆಯಿತು. ಒಂದೇ ಕೇಸು, ಒಂದೇ ಶಿಕ್ಷೆ. ಆದರೆ ಡೆನಿಸ್ ಗೋಲ್ಡ್‌ಬರ್ಗ್ ಬಿಳಿಯರಲ್ವಾ, ಅವರನ್ನು ಮಾತ್ರ ಪ್ರಿಟೋರಿಯಾ ಜೈಲಿನಲ್ಲೇ ಇಟ್ಟುಕೊಂಡು ಉಳಿದ ಏಳು ಜನರನ್ನು ರಾಬೆನ್ ದ್ವೀಪದ ಜೈಲಿಗೆ ಸಾಗಿಸಿದರು. ಅಲ್ಲಿ 34 ವರ್ಷದ ಅಹ್ಮದ್ ಕತ್ರಾಡಾಗೆ ಉದ್ದ ಪ್ಯಾಂಟು ಸಿಕ್ಕಿತು, ಯಾಕಂದ್ರೆ ಅವರು ಭಾರತೀಯ ಮೂಲದವರು. ಅವರಿಗಿಂತ ಹನ್ನೊಂದು ವರ್ಷ ದೊಡ್ಡವರಾದ ಮಂಡೇಲಾಗೆ ಚಡ್ಡಿ. ಕಪ್ಪು ಗಂಡಸಿಗೆ ಎಷ್ಟೇ ವಯಸ್ಸಾದರೂ ಅವನು 'ಬಾಯ್' ಅನ್ನೋದು ಸರ್ಕಾರದ ಲೆಕ್ಕ. ಊಟದಲ್ಲೂ ಹಾಗೇ: ಕತ್ರಾಡಾಗೆ ಬ್ರೆಡ್ ಕೊಡುತ್ತಿದ್ದರು, ಮಂಡೇಲಾಗೆ ಇಲ್ಲ.

ಇವರಿಬ್ಬರ ಗೆಳೆತನ ಜೈಲಿನಲ್ಲಿ ಹುಟ್ಟಿದ್ದಲ್ಲ. ಜೋಹಾನ್ಸ್‌ಬರ್ಗ್‌ನ ಖೋಲ್ವಾಡ್ ಹೌಸ್‌ನಲ್ಲಿ 13ನೇ ನಂಬರಿನ ಫ್ಲ್ಯಾಟ್ ಇತ್ತು. ಮೊದಲು ಅದು ಇಸ್ಮಾಯಿಲ್ ಮೀರ್ ಅವರದ್ದು, ಆಮೇಲೆ ಕತ್ರಾಡಾ ಅವರದ್ದು. ಕಾನೂನು ಓದುತ್ತಿದ್ದ ಮಂಡೇಲಾ ಅಲ್ಲಿ ಹರಟುತ್ತಾ ಕೂತು, ತಮ್ಮ ಮನೆಯಿದ್ದ ಒರ್ಲಾಂಡೋಗೆ ಹೋಗುವ ಕೊನೆಯ ರೈಲು ತಪ್ಪಿದರೆ ಅಲ್ಲೇ ಮಲಗುತ್ತಿದ್ದರು.

ಆ ದಿನಗಳದ್ದೇ ಒಂದು ಟ್ರಾಮ್ ಪ್ರಸಂಗ ಇದೆ. ಮೀರ್ ಮತ್ತು ಇನ್ನಿಬ್ಬರು ಭಾರತೀಯ ಗೆಳೆಯರ ಜೊತೆ ಮಂಡೇಲಾ ಟ್ರಾಮ್ ಹತ್ತಿದರು. ನೀವು ಕೂರಬಹುದು, ನಿಮ್ಮ ಕಪ್ಪು ಗೆಳೆಯ ಕೂರುವಂತಿಲ್ಲ ಎಂದ ಕಂಡಕ್ಟರ್, ಅದೂ ಬೈಗುಳದ ಪದ ಬಳಸಿ. ಜಗಳ ಕೋರ್ಟಿಗೆ ಹೋಯಿತು. ಅವರ ಪರ ನಿಂತವರು ಬ್ರಾಮ್ ಫಿಶರ್ ಎಂಬ ಬಿಳಿಯ ವಕೀಲರು. ಇವರ ತಂದೆ ದೊಡ್ಡ ನ್ಯಾಯಾಧೀಶರು, ಮ್ಯಾಜಿಸ್ಟ್ರೇಟ್‌ಗೆ ಅವರ ಮೇಲೆ ಅಪಾರ ಗೌರವ. ಕೇಸು ಅಲ್ಲಿಗೇ ಮುಗಿಯಿತು! ನನಗೆ ಇದು ಸಿಹಿ ಕತೆ ಅನ್ನಿಸುವುದಿಲ್ಲ. ನ್ಯಾಯ ಸಿಗಲು ಬಿಳಿಯ ಗೆಳೆಯನ ಮನೆತನದ ಹೆಸರು ಬೇಕಾಯಿತಲ್ಲ ಅಂತ ಹೊಟ್ಟೆ ಉರಿಯುತ್ತದೆ.

ಈ ಟ್ರಾಮ್ ಪ್ರಸಂಗ ವರ್ಣಭೇದ ನೀತಿ ಅಧಿಕೃತವಾಗಿ ಬರುವ ಮೊದಲಿನ ಮಾತು. ಅಸಮಾನತೆಯ ಬೇರು ಹಳೆಯದು: 1913ರ ಭೂ ಕಾಯ್ದೆ ಕಪ್ಪು ಜನರಿಗೆ ಬಿಟ್ಟಿದ್ದು ಸುಮಾರು 7% ನೆಲ, 1936ರಲ್ಲಿ ಅದನ್ನು 13% ಮಾಡುತ್ತೇವೆ ಎಂದರು. 1948ರಲ್ಲಿ ಬಿಳಿಯರ ಪಕ್ಷವಾದ ನ್ಯಾಷನಲ್ ಪಾರ್ಟಿ ಗೆದ್ದ ಮೇಲೆ ಸಾಲು ಸಾಲು ಕಾನೂನು ಬಂದವು. 1949ರಲ್ಲಿ ಬಿಳಿಯರು ಮತ್ತು ಇತರರ ನಡುವೆ ಮದುವೆ ನಿಷೇಧ. 1950ರಲ್ಲಿ ಪ್ರತಿಯೊಬ್ಬರಿಗೂ ಜನಾಂಗದ ಮುದ್ರೆ, ಜನಾಂಗಕ್ಕೊಂದು ಬಡಾವಣೆ. 1953ರಲ್ಲಿ ಬೆಂಚು, ಬಸ್ಸು, ಬೀಚು ಎಲ್ಲ ಬೇರೆ ಬೇರೆ.

ಸುಮ್ನೆ ಯೋಚಿಸಿ, ಇಬ್ಬರು ಗೆಳೆಯರು ಭೇಟಿಯಾಗುವುದಾದರೂ ಎಲ್ಲಿ? ಬಿಳಿಯರು ಕಪ್ಪು ಜನರಿಗೆಂದೇ ಊರಾಚೆ ಕಟ್ಟಿದ ಟೌನ್‌ಶಿಪ್‌ಗೆ ಹೋಗಲು ಪರ್ಮಿಟ್ ಬೇಕಿತ್ತು. ಕಪ್ಪು ಗೆಳೆಯ ಊರೊಳಗೆ ಬರಲು ಪಾಸ್ ಪುಸ್ತಕ, ಅಂದರೆ ಓಡಾಟಕ್ಕೆ ಸರ್ಕಾರ ಕೊಡುವ ಅನುಮತಿ ಪತ್ರ ಬೇಕಿತ್ತು. ಬಂದವನಿಗೆ ಒಂದು ಗ್ಲಾಸ್ ವಿಸ್ಕಿ ಕೊಟ್ಟರೆ 1962ರವರೆಗೆ ಅದೂ ಅಪರಾಧ, ಪೊಲೀಸರು ಬಾಗಿಲು ಬಡಿಯುತ್ತಿದ್ದರು. 1968ರಲ್ಲಂತೂ ಬೇರೆ ಬೇರೆ ಜನಾಂಗದವರು ಒಂದೇ ಪಕ್ಷದಲ್ಲಿ ಇರುವುದನ್ನೇ ನಿಷೇಧಿಸಿದರು. ಅದಕ್ಕೆ ಒಪ್ಪದ ಲಿಬರಲ್ ಪಾರ್ಟಿ ಬಾಗಿಲು ಹಾಕಿತು.

ಇಷ್ಟರ ನಡುವೆಯೂ ಗೆಳೆತನಗಳು ಉಳಿದವು, ನಿಜ. ಆದರೆ ಬಿಳಿಯ ಗೆಳೆಯ ಬೇಕೆಂದಾಗ ಸುರಕ್ಷಿತ ಮನೆಗೆ ವಾಪಸ್ ಹೋಗಬಹುದಿತ್ತು. ಹೋಗದೇ ಇದ್ದವರು ಕಡಿಮೆ. ಫಿಶರ್ ಹಾಗೆ ಹೋಗದವರಲ್ಲಿ ಒಬ್ಬರು. ರಿವೋನಿಯಾದಲ್ಲಿ ಮಂಡೇಲಾ ಪರ ವಾದಿಸಿದರು, ಭೂಗತರಾದರು, 1966ರಲ್ಲಿ ಅವರಿಗೂ ಜೀವಾವಧಿ. 1975ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಚಿತಾಭಸ್ಮವನ್ನೂ ಜೈಲು ಇಲಾಖೆ ಮನೆಯವರಿಗೆ ಬಿಡಲಿಲ್ಲ.

ಹೆಸರಿಲ್ಲದ ನಷ್ಟ ಇನ್ನೂ ಜಾಸ್ತಿ. ಕೇಪ್‌ಟೌನ್‌ನ ಡಿಸ್ಟ್ರಿಕ್ಟ್ ಸಿಕ್ಸ್‌ನಲ್ಲಿ ಹಲವು ಮೂಲದವರು ಅಕ್ಕಪಕ್ಕ ಬದುಕುತ್ತಿದ್ದರು. 1966ರಲ್ಲಿ ಅದನ್ನು ಬಿಳಿಯರ ಪ್ರದೇಶ ಎಂದು ಘೋಷಿಸಿ, ಮುಂದಿನ ವರ್ಷಗಳಲ್ಲಿ ಸುಮಾರು 60,000 ಜನರನ್ನು ಎಬ್ಬಿಸಿದರು. ಹೆಚ್ಚಿನವರನ್ನು ದೂರದ ಕೇಪ್ ಫ್ಲಾಟ್ಸ್‌ಗೆ ತಳ್ಳಿ, ಮನೆಗಳನ್ನು ಬುಲ್ಡೋಜರ್‌ನಿಂದ ಕೆಡವಿದರು. ಬಡಾವಣೆ ಬೇರ್ಪಡಿಸಿದ ಕಾಯ್ದೆ 1991ರಲ್ಲಿ ರದ್ದಾಯಿತು. ಹೊರಹಾಕಿಸಿಕೊಂಡವರಲ್ಲಿ ವಾಪಸ್ ಬಂದು ನೆಲೆಸಲು ಸಾಧ್ಯವಾಗಿದ್ದು ಕೆಲವೇ ಕುಟುಂಬಗಳಿಗೆ.