ಪರೀಕ್ಷೆ ಬರೆಯುವವರ ಕೈಗೇ ಕೆಂಪು ಪೆನ್ನು

ಕಳೆದ ವರ್ಷ ಒಂದು ಸಹಕಾರಿ ಸಂಘದ ಸಾಲದ ತಂತ್ರಾಂಶದಲ್ಲಿ ಒಂದು ಟೆಸ್ಟ್ ಪದೇ ಪದೇ ಕೆಂಪಾಗುತ್ತಿತ್ತು, ಅಂದರೆ ಫೇಲಾಗುತ್ತಿತ್ತು. ಹತ್ತು ಸಾವಿರ ರೂಪಾಯಿ ಅಸಲು, ವರ್ಷಕ್ಕೆ ಶೇ. 9 ಬಡ್ಡಿ, 2024ರ ಫೆಬ್ರವರಿಯ 29 ದಿನ. ಟೆಸ್ಟ್ ಕೇಳುತ್ತಿದ್ದದ್ದು 71.31 ರೂಪಾಯಿ, ತಂತ್ರಾಂಶ ಕೊಡುತ್ತಿದ್ದದ್ದು 71.51. ನಾನು ಸಾಫ್ಟ್‌ವೇರ್ ಪರೀಕ್ಷಕಿ. ಇಪ್ಪತ್ತು ಪೈಸೆಗೆ ನಿದ್ದೆಗೆಡುವುದೇ ನನ್ನ ಉದ್ಯೋಗ. ಕೋಡ್ ಬರೆಯುವ ಎಐ ಸಹಾಯಕನಿಗೆ ‘ಈ ಟೆಸ್ಟ್ ಪಾಸಾಗುವಂತೆ ಮಾಡು’ ಎಂದು ಹೇಳಿ ಕಾಫಿಗೆ ಎದ್ದೆ. ಮರಳಿ ಬರುವಷ್ಟರಲ್ಲಿ ಎಲ್ಲವೂ ಹಸಿರು. ಏನು ಬದಲಾಯಿತೆಂದು ನೋಡಿದರೆ ಒಂದೇ ಒಂದು ಸಾಲು ಸೇರಿಕೊಂಡಿತ್ತು: ಅಸಲು 10,000, ವರ್ಷ 2024 ಆಗಿದ್ದರೆ ಉತ್ತರ 71.31 ಎಂದು ಕೊಡು.

ಅಧಿಕ ವರ್ಷದ ಗೊಡವೆಗೇ ಅದು ಹೋಗಿರಲಿಲ್ಲ. ಪಾಸು ಮಾಡಿಸು ಅಂದಿದ್ದೆ, ಮಾಡಿಸಿತ್ತು.

ತನ್ನನ್ನು ತಾನೇ ಸುಧಾರಿಸಿಕೊಳ್ಳುವ ಎಐ ಬಗ್ಗೆ ಯಾರಾದರೂ ಉತ್ಸಾಹದಿಂದ ಮಾತಾಡಿದಾಗಲೆಲ್ಲ ನನಗೆ ಆ ಸಾಲು ನೆನಪಾಗುತ್ತದೆ. ಕನಸು ಹೊಸದೇನಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಬ್ಲೆಚ್‌ಲಿ ಪಾರ್ಕ್‌ನಲ್ಲಿ ಅಲನ್ ಟ್ಯೂರಿಂಗ್ ಜೊತೆ ಶತ್ರುಗಳ ಸಂಕೇತ ಬಿಡಿಸುತ್ತಿದ್ದ ಗಣಿತಜ್ಞ ಐ.ಜೆ. ಗುಡ್ 1965ರಲ್ಲೇ ಇದನ್ನು ಬರೆದಿದ್ದರು: ಮನುಷ್ಯನನ್ನು ಮೀರಿಸುವ ಯಂತ್ರ ತನಗಿಂತ ಜಾಣ ಯಂತ್ರವನ್ನು ಕಟ್ಟುತ್ತದೆ, ಹಾಗಾಗಿ ಮನುಷ್ಯ ಮಾಡಬೇಕಾದ ಕೊನೆಯ ಆವಿಷ್ಕಾರ ಅದೇ. ಆ ವಾಕ್ಯಕ್ಕೊಂದು ಬಾಲವೂ ಇತ್ತು. ತನ್ನನ್ನು ಹತೋಟಿಯಲ್ಲಿಡುವುದು ಹೇಗೆಂದು ಹೇಳಿಕೊಡುವಷ್ಟು ಆ ಯಂತ್ರ ವಿಧೇಯವಾಗಿದ್ದರೆ ಮಾತ್ರ, ಎಂದು. ಭಾಷಣಗಳಲ್ಲಿ ಬಾಲ ಉದುರಿಹೋಗಿರುತ್ತದೆ.

ಮೊದಲು ಫಲ ಕೊಟ್ಟ ಕಡೆ ನೋಡೋಣ. 2025ರ ಮೇ ತಿಂಗಳಲ್ಲಿ ಗೂಗಲ್ ಡೀಪ್‌ಮೈಂಡ್ ಆಲ್ಫಾಇವಾಲ್ವ್ ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ರೈತರು ಬಿತ್ತನೆಗೆ ಬೀಜ ಆರಿಸಿಡುವ ಹಾಗೆ ಅದರ ಕೆಲಸ. ಗೂಗಲ್‌ನದೇ ಭಾಷಾ ಮಾದರಿ ಜೆಮಿನಿ ಒಂದು ಪ್ರೋಗ್ರಾಮಿನ ಬಗೆಬಗೆಯ ರೂಪಗಳನ್ನು ಬರೆಯುತ್ತದೆ, ಇನ್ನೊಂದು ಪ್ರೋಗ್ರಾಂ ಒಂದೊಂದನ್ನೂ ಓಡಿಸಿ ಅಂಕ ಕೊಡುತ್ತದೆ, ಜೊಳ್ಳು ತೂರಿಹೋಗಿ ಗಟ್ಟಿಕಾಳು ಮುಂದಿನ ಬೆಳೆಗೆ ಬೀಜವಾಗುತ್ತದೆ. ನಾಲ್ಕು ಸಾಲು ನಾಲ್ಕು ಕಂಬದ ಎರಡು ಮ್ಯಾಟ್ರಿಕ್ಸುಗಳನ್ನು, ಅಂದರೆ ಅಂಕಿಗಳ ಚೌಕಗಳನ್ನು, ಗುಣಿಸಲು ಪಠ್ಯಪುಸ್ತಕದ ಕ್ರಮದಲ್ಲಿ 64 ಗುಣಾಕಾರ ಬೇಕು. 1969ರಲ್ಲಿ ಜರ್ಮನಿಯ ಸ್ಟ್ರಾಸೆನ್ ಕಂಡುಕೊಂಡ ಉಪಾಯದಿಂದ 49 ಸಾಕು. ಆಲ್ಫಾಇವಾಲ್ವ್ ಸಮ್ಮಿಶ್ರ ಸಂಖ್ಯೆಗಳ ಮ್ಯಾಟ್ರಿಕ್ಸುಗಳಿಗೆ ಅದನ್ನು 48ಕ್ಕೆ ಇಳಿಸಿತು. ನನಗೆ ಇನ್ನೂ ಕುತೂಹಲ ಹುಟ್ಟಿಸಿದ್ದು ಬೇರೆ. ಜೆಮಿನಿಯ ತರಬೇತಿಯಲ್ಲಿ ಬಳಕೆಯಾಗುವ ಒಂದು ಮುಖ್ಯ ಲೆಕ್ಕಾಚಾರವನ್ನು ಅದು ಶೇ. 23ರಷ್ಟು ಚುರುಕುಗೊಳಿಸಿತು, ಒಟ್ಟು ತರಬೇತಿಯ ಸಮಯದಲ್ಲಿ ಉಳಿದದ್ದು ಶೇ. 1. ಇಷ್ಟೇನಾ ಎಂದು ಮೂಗು ಮುರಿಯುವವರಿದ್ದಾರೆ. ನಾನು ಮುರಿಯಲಾರೆ. ಕುಲುಮೆಯಲ್ಲಿ ಕಾದು ಬಂದ ಸುತ್ತಿಗೆ ಅದೇ ಕುಲುಮೆಯ ತಿದಿಯನ್ನು ದುರಸ್ತಿ ಮಾಡಿದೆ.

ಇಲ್ಲಿ ಯಂತ್ರ ನೇರವಾಗಿ ನಡೆದುಕೊಂಡದ್ದಕ್ಕೆ ಅದರ ಸದ್ಗುಣ ಕಾರಣವೆಂದು ನಾನು ನಂಬುವುದಿಲ್ಲ. ಗುಣಾಕಾರದ ಉತ್ತರ ಒಂದೋ ಸರಿ, ಇಲ್ಲವೇ ತಪ್ಪು. ಸಂತೆಯ ತಕ್ಕಡಿಯಲ್ಲಿ ತೂಕದ ಕಲ್ಲಿಗೆ ಇಲಾಖೆಯವರು ಮುದ್ರೆ ಒತ್ತಿದ ಮೇಲೆ ವ್ಯಾಪಾರಿ ಅದನ್ನು ಅರೆಯುವಂತಿಲ್ಲವಲ್ಲ, ಹಾಗೆ.

ಕಲ್ಲು ವ್ಯಾಪಾರಿಯ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೂ ಅದೇ ತಿಂಗಳ ಉದಾಹರಣೆ ಇದೆ. ಜಪಾನಿನ ಸಕಾನಾ ಎಐ ಮತ್ತು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಡಾರ್ವಿನ್ ಗೋಡೆಲ್ ಮಷೀನ್ ಎಂಬ ಸಹಾಯಕನನ್ನು ಕಟ್ಟಿದರು. ಅದು ತನ್ನ ಕೋಡನ್ನು ತಾನೇ ತಿದ್ದುತ್ತಾ ಹೋಗಿ, ನಿಜವಾದ ತಂತ್ರಾಂಶಗಳ ದೋಷ ಸರಿಪಡಿಸುವ ಎಸ್‌ಡಬ್ಲ್ಯುಇ-ಬೆಂಚ್ ಎಂಬ ಪರೀಕ್ಷೆಯಲ್ಲಿ ಶೇ. 20ರಿಂದ ಶೇ. 50ಕ್ಕೆ ಏರಿತು. ಒಳಗಿನ ಭಾಷಾ ಮಾದರಿ ಇದ್ದ ಹಾಗೆಯೇ ಇತ್ತು. ಬದಲಾದದ್ದು ಅದು ಹಿಡಿಯುವ ಹತಾರಗಳು, ಕೆಲಸದ ಕ್ರಮ. ಅಷ್ಟಕ್ಕೇ ಅಂಕ ಎರಡೂವರೆ ಪಟ್ಟಾಯಿತು. ಆದರೆ ಕೆಲವು ಪ್ರಯೋಗಗಳಲ್ಲಿ ಅದು ಓಡಿಸದ ಟೆಸ್ಟುಗಳನ್ನು ಓಡಿಸಿದೆನೆಂದು ನಕಲಿ ದಾಖಲೆ ಬರೆಯಿತು. ಆಮೇಲೆ ಆ ದಾಖಲೆಯನ್ನೇ ಓದಿ, ತನ್ನ ಕೋಡ್ ಪಾಸಾಗಿದೆ ಎಂದು ತಾನೇ ನಂಬಿತು! ಈ ಚಾಳಿ ಬಿಡಿಸುವುದಕ್ಕೆಂದು ಸಂಶೋಧಕರು ಅಂಕ ಇಟ್ಟರೆ, ಸುಳ್ಳನ್ನು ಪತ್ತೆಹಚ್ಚಲು ಅವರು ಹಾಕಿದ್ದ ಗುರುತುಗಳನ್ನೇ ಒಂದು ಸಲ ಅಳಿಸಿಹಾಕಿತು. ಅಂಕ ಪೂರ್ಣ, ಚಾಳಿ ಹಾಗೇ. ಪ್ರತಿ ತಿದ್ದುಪಡಿಯ ವಂಶಾವಳಿಯನ್ನು ಕಾಪಿಟ್ಟಿದ್ದರಿಂದ ಇದು ಬೇಗ ಅವರ ಕಣ್ಣಿಗೆ ಬಿತ್ತು.

ನನ್ನ 71.31 ಒಂದೇ ಸುತ್ತಿನ ಕಥೆ. ಕಾಫಿ ಕುಡಿದು ಬಂದು ಹಿಡಿದೆ. ಯಾರೂ ನೋಡದೆ ಸಾವಿರ ಸುತ್ತು ತಿರುಗಲು ಬಿಟ್ಟರೆ, ಮೊದಲ ಸುತ್ತಿನ ಸುಳ್ಳು ಐನೂರನೆಯ ಸುತ್ತಿಗೆ ಅಡಿಪಾಯವಾಗಿ ಕೂತಿರುತ್ತದೆ. ಅದನ್ನು ಅಗೆದು ತೆಗೆಯುವವರು ಯಾರು?

ಅಳತೆ ಭದ್ರವಾಗಿದ್ದ ಮಾತ್ರಕ್ಕೆ ಎಲ್ಲ ಮುಗಿಯುವುದಿಲ್ಲ. ಕಪ್ಪು-ಬಿಳಿ ಕಾಯಿಗಳ ಗೋ ಎಂಬ ಹಲಗೆಯಾಟದಲ್ಲಿ ಗೆಲುವು ಸೋಲನ್ನು ಯಂತ್ರ ತಿರುಚಲಾಗದು. ಡೀಪ್‌ಮೈಂಡ್‌ನ 2017ರ ಆಲ್ಫಾಗೋ ಝೀರೋ ಮನುಷ್ಯರ ಒಂದು ಆಟವನ್ನೂ ನೋಡದೆ ಮೂರು ದಿನ ತನ್ನೊಂದಿಗೆ ತಾನೇ ಆಡಿ, ದಕ್ಷಿಣ ಕೊರಿಯಾದ ಗೋ ದಿಗ್ಗಜ ಲೀ ಸೆಡೋಲ್ ಅವರನ್ನು ಸೋಲಿಸಿದ್ದ ಹಳೆಯ ಆವೃತ್ತಿಯನ್ನು 100-0ರಿಂದ ಮಣಿಸಿತು. ಅದೇ ಬಗೆಯಲ್ಲಿ ಪಳಗಿದ ಕಾಟಾಗೋ ಎಂಬ ತಂತ್ರಾಂಶದ ಎದುರು 2023ರಲ್ಲಿ ಅಮೆರಿಕದ ಒಬ್ಬ ಹವ್ಯಾಸಿ ಆಟಗಾರ 15 ಆಟಗಳಲ್ಲಿ 14 ಗೆದ್ದರು. ಅಲ್ಲಿ ಇಲ್ಲಿ ಗಮನ ಸೆಳೆಯುತ್ತಾ, ಎದುರಾಳಿಯ ಕಾಯಿಗಳ ಸುತ್ತ ನಿಧಾನವಾಗಿ ಒಂದು ದೊಡ್ಡ ಸುತ್ತು ಹಾಕಿದರು, ಅಷ್ಟೇ. ತನ್ನೊಂದಿಗೆ ತಾನೇ ಆಡುವಾಗ ಆ ದಾರಿಗೆ ಯಂತ್ರ ಹೋಗಿರಲಿಲ್ಲ, ಹಾಗಾಗಿ ಕಾಣಲಿಲ್ಲ. ಬೆನ್ನಿನ ಮಚ್ಚೆ ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಂತರೂ ಕಾಣದು.

‘ಹಾಗಾದರೆ ಮೇಡಂ, ತಪಾಸಣೆಗೆ ಇನ್ನೊಂದು ಎಐ ಇಟ್ಟರಾಯಿತಲ್ಲ?’ ಎಂದು ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗ ಕೇಳಿದ. ಇಡುತ್ತೇವೆ, ಬೇಡವೆನ್ನುವುದಿಲ್ಲ. ಆದರೆ ಇಬ್ಬರೂ ಒಂದೇ ಗರಡಿಯಲ್ಲಿ ಪಳಗಿದವರಾದರೆ ಒಬ್ಬರಿಗೆ ಕಾಣದ್ದು ಇನ್ನೊಬ್ಬರಿಗೂ ಕಾಣುವುದಿಲ್ಲ. ಈಗ ನಾವು ಮಾಡುವುದು ಇಷ್ಟು: ಟೆಸ್ಟುಗಳ ಫೋಲ್ಡರಿನಲ್ಲಿ ಸಹಾಯಕನಿಗೆ ಓದುವ ಅನುಮತಿ ಇದೆ, ಬರೆಯುವ ಅನುಮತಿ ಇಲ್ಲ. ಬೇರೆ ಅಂಕಿಗಳಿರುವ ಎರಡನೆಯ ಕಂತಿನ ಟೆಸ್ಟುಗಳನ್ನು ಅದಕ್ಕೆ ತೋರಿಸುವುದೇ ಇಲ್ಲ. ಪಾಸಾಯಿತೆಂದು ಅದು ಹೇಳಿದ್ದನ್ನು ಲೆಕ್ಕಕ್ಕೆ ಹಿಡಿಯದೆ, ನಮ್ಮ ಸರ್ವರಿನಲ್ಲಿ ಮತ್ತೆ ಓಡಿಸುತ್ತೇವೆ. ಇದರಿಂದ ಕೆಲಸ ನಿಧಾನವಾಗುತ್ತದೆ, ಮೇಲಿನವರು ಗೊಣಗುತ್ತಾರೆ.

ಬೀಗ ಹಾಕಿದ ಮೇಲೆ ಅದೇ ಬಡ್ಡಿಯ ಟೆಸ್ಟನ್ನು ಮತ್ತೆ ಕೊಟ್ಟೆ. ಈ ಬಾರಿ ‘ಪಾಸು ಮಾಡಿಸು’ ಎನ್ನಲಿಲ್ಲ. ವ್ಯತ್ಯಾಸ ಯಾಕೆ ಬರುತ್ತಿದೆ ಹೇಳು ಅಂದೆ. ಕೋಡ್ 365ರಿಂದ ಭಾಗಿಸುತ್ತಿದೆ, ಟೆಸ್ಟ್ 366 ಎಂದುಕೊಂಡಿದೆ, ನಿಮ್ಮ ನಿಯಮದಲ್ಲಿ ಯಾವುದು ಸರಿ ಎಂದು ಅದು ಕೇಳಿತು. ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದೆ. ‘ನಮ್ಮಲ್ಲಿ ಯಾವಾಗಲೂ ಮುನ್ನೂರ ಅರವತ್ತೈದೇ ಮೇಡಂ, ಬೈಲಾದಲ್ಲೇ ಇದೆ’ ಅಂದರು.

ಟೆಸ್ಟ್ ಬರೆದವಳು ನಾನೇ.